ಟವರ್ ಎದ್ದಿತು, ಷೇರು ಬಿತ್ತು

2024ರ ಜೂನ್ ಕೊನೆಯ ಹೊತ್ತಿಗೆ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿಯ ಒಂದು ಷೇರಿನ ಬೆಲೆ 1,500 ರೂಪಾಯಿಯ ಹತ್ತಿರ ಹೋಗಿ ನಿಂತಿತ್ತು. ಆಗ ಜನರ ಕೈಯಲ್ಲಿದ್ದ ಕೊನೆಯ ವಾರ್ಷಿಕ ಲೆಕ್ಕದ ಪ್ರಕಾರ ಕಂಪನಿಯ ಲಾಭ 63 ಕೋಟಿ ರೂಪಾಯಿ. ಮುಂದಿನ ವರ್ಷ ಅದೇ ಲಾಭ ಏಳು ಪಟ್ಟಾಗಿ 447 ಕೋಟಿ ಮುಟ್ಟಿತು. ಆದರೆ ಆ ವರ್ಷ ಮುಗಿಯುವಷ್ಟರಲ್ಲಿ ಷೇರಿನ ಬೆಲೆ ತನ್ನ ಎತ್ತರದಿಂದ ಸರಿಸುಮಾರು ಅರ್ಧಕ್ಕೆ ಇಳಿದಿತ್ತು.

ಲಾಭ ಕಾಣದಿದ್ದಾಗ ಏರಿ, ಲಾಭ ಕೈಗೆ ಬಂದಾಗ ಇಳಿಯುವ ಈ ಲೆಕ್ಕ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ಷೇರುಪೇಟೆಯಲ್ಲಿ ಪಳಗಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೂ ಅವರಲ್ಲೇ ಎಷ್ಟೋ ಮಂದಿ ಇಲ್ಲಿ ದುಡ್ಡು ಕಳೆದುಕೊಂಡರು. ಆದ್ದರಿಂದ ಈ ಕಂಪನಿಯ ಕತೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ತೇಜಸ್ ಹುಟ್ಟಿದ್ದು 2000ದಲ್ಲಿ. ಸಂಜಯ್ ನಾಯಕ್, ಕುಮಾರ್ ಶಿವರಾಜನ್, ಅರ್ನಾಬ್ ರಾಯ್ ಕಟ್ಟಿದ ಈ ಕಂಪನಿಗೆ ಬೆನ್ನಾಗಿ ನಿಂತವರು ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ. ಫೈಬರ್ ಎಳೆಯ ಮೂಲಕ ಮಾತು, ಮಾಹಿತಿ ಸಾಗಿಸುವ ಸಾಧನಗಳಿಂದ ಶುರುವಾದ ವ್ಯವಹಾರ ನಿಧಾನಕ್ಕೆ ಬೆಳೆಯಿತು. 2017ರ ಜೂನ್‌ನಲ್ಲಿ ಷೇರನ್ನು 257 ರೂಪಾಯಿಯಂತೆ ಸಾರ್ವಜನಿಕರಿಗೆ ಮಾರಿತು. 2021ರಲ್ಲಿ ಟಾಟಾ ಸನ್ಸ್ ತನ್ನ ಪ್ಯಾನಟೋನ್ ಫಿನ್‌ವೆಸ್ಟ್ ಎಂಬ ಅಂಗಸಂಸ್ಥೆಯ ಮೂಲಕ ಹಿಡಿತಕ್ಕೆ ತೆಗೆದುಕೊಂಡಿತು. ಮರುವರ್ಷ ತೇಜಸ್ ಬೆಂಗಳೂರಿನದೇ ಆದ ಸಾಂಖ್ಯ ಲ್ಯಾಬ್ಸ್‌ನ ಬಹುಪಾಲನ್ನು ಕೊಂಡು ತಂತಿಯಿಲ್ಲದ ಸಂಪರ್ಕದ ಕಡೆಗೆ, ಅಂದರೆ ಮೊಬೈಲ್ ಟವರಿನ ರೇಡಿಯೊಗಳ ಕಡೆಗೆ, ತಿರುಗಿತು. ಅಲ್ಲಿಯವರೆಗೆ ಎರಿಕ್ಸನ್, ನೋಕಿಯಾ, ಸ್ಯಾಮ್‌ಸಂಗ್ ಮತ್ತು ಚೀನಾದ ಹುವಾವೆ, ಝಡ್‌ಟಿಇಗಳದ್ದೇ ಆಟವಾಗಿದ್ದ ಅಂಗಳ ಅದು.

ಆಮೇಲೆ ಬಂದದ್ದು ಬಿಎಸ್‌ಎನ್‌ಎಲ್‌ನ 4ಜಿ. ದೇಶದಲ್ಲೇ ತಯಾರಾದ ಸಾಧನಗಳಿಂದ ಒಂದು ಲಕ್ಷ ಟವರುಗಳಿಗೆ 4ಜಿ ಕೊಡುವ ಕೆಲಸ ಟಿಸಿಎಸ್ ಮುಂದಾಳತ್ವದ ಕೂಟಕ್ಕೆ ಸಿಕ್ಕಿತು. ಜಾಲದ ಮಿದುಳು ಎನ್ನಬಹುದಾದ ಕೋರ್ ಭಾಗ ಸರ್ಕಾರಿ ಸಂಸ್ಥೆ ಸಿ-ಡಾಟ್‌ನದು, ಟವರಿನ ರೇಡಿಯೊ ತೇಜಸ್‌ನದು, ಜೋಡಿಸಿ ನಡೆಸುವ ಹೊಣೆ ಟಿಸಿಎಸ್‌ನದು. 2023ರ ಆಗಸ್ಟ್‌ನಲ್ಲಿ ತೇಜಸ್ ಪಾಲಿಗೆ ಬಂದ ಆರ್ಡರ್ 7,492 ಕೋಟಿ ರೂಪಾಯಿಯದು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಇಡೀ ಕಂಪನಿಯ ವಾರ್ಷಿಕ ಆದಾಯ ಸಾವಿರ ಕೋಟಿಯನ್ನೂ ಮುಟ್ಟಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಪೇಟೆ ಯಾಕೆ ಹುಚ್ಚೆದ್ದಿತು ಎಂದು ತಿಳಿಯುತ್ತದೆ.

ಇಂಥ ಟವರು ನಿಲ್ಲುವ ನೆಲ ಹೇಗಿರುತ್ತದೆಂದು ನೋಡಲು ಈಗ ಗುಡೇಕೋಟೆಗೆ ಬರೋಣ. ವಿಜಯನಗರ ಜಿಲ್ಲೆ ಕೂಡ್ಲಿಗಿ ತಾಲ್ಲೂಕಿನ ಈ ಊರು ಪಾಳೇಗಾರರ ಕೋಟೆಗೂ ಕರಡಿಧಾಮಕ್ಕೂ ಹೆಸರಾದದ್ದು. ಎತ್ತ ನೋಡಿದರೂ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗುಡ್ಡ. ಇಂಥ ನೆಲದಲ್ಲಿ ಸಿಗ್ನಲ್ ಎಂಬುದು ಮೊಬೈಲಿನ ಮಾತಲ್ಲ, ಭೂಗೋಳದ ಮಾತು: ಗುಡ್ಡದ ಈ ಮಗ್ಗುಲಲ್ಲಿ ನಾಲ್ಕು ಕಡ್ಡಿ, ಆ ಮಗ್ಗುಲಲ್ಲಿ ಸೊನ್ನೆ. ಕಂಪನಾಂಕ ಕಡಿಮೆಯಾದಷ್ಟೂ ಅಲೆ ದೂರ ಸಾಗುತ್ತದೆ, ಅಡ್ಡಿಯನ್ನು ದಾಟುತ್ತದೆ. ಬಿಎಸ್‌ಎನ್‌ಎಲ್ ಕೈಯಲ್ಲಿರುವ 700 ಮೆಗಾಹರ್ಟ್ಸ್ ತರಂಗಾಂತರ ಹಳ್ಳಿಗಾಡಿಗೆ ಒಳ್ಳೆಯದೆನ್ನುವುದು ಇದಕ್ಕೇ.

ಇಂಥ ಊರುಗಳಲ್ಲಿ ಒಂದು ಸಂಭಾಷಣೆ ಸುಲಭವಾಗಿ ಕಿವಿಗೆ ಬೀಳುತ್ತದೆ. ಕಾಲೇಜು ಮುಗಿಸಿ ಮೊಬೈಲಿನಲ್ಲೇ ಡಿಮ್ಯಾಟ್ ಖಾತೆ ತೆರೆದ ಹುಡುಗ ಕೇಳುತ್ತಾನೆ: “ಮಾವ, ನಮ್ಮೂರ ಟವರಿಗೇ ಫೋರ್‌ಜಿ ಬಂತು ಅಂದ್ಮೇಲೆ ಆ ಕಂಪನಿ ಷೇರು ಏರ್ಲೇಬೇಕಲ್ಲ?” ಶೇಂಗಾ ವ್ಯಾಪಾರದಲ್ಲಿ ತಲೆ ನೆರೆತ ಮಾವ ಲೋಟ ಕೆಳಗಿಟ್ಟು ಹೇಳುತ್ತಾನೆ: “ಏರೋದು ಏರಿ, ಇಳಿಯೋದೂ ಇಳಿದೈತೆ ನೋಡಪಾ.”

ಮಾವನ ಮಾತು ಸರಿ. ಟವರಿನ ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಉದ್ದನೆಯ ಆಂಟೆನಾಗಳ ಬೆನ್ನಿಗೆ ಸೂಟ್‌ಕೇಸಿನ ಗಾತ್ರದ ಬೂದು ಬಣ್ಣದ ಪೆಟ್ಟಿಗೆಗಳು ಕಾಣುತ್ತವೆ. ಬಿಸಿ ಹೊರಹೋಗಲೆಂದು ಅವುಗಳ ಮೈಗೆ ಬಾಚಣಿಗೆ ಹಲ್ಲಿನಂಥ ಪಟ್ಟಿಗಳಿರುತ್ತವೆ. ಅವೇ ರೇಡಿಯೊಗಳು. ಅಲ್ಲಿಂದ ಕಪ್ಪು ಕೇಬಲ್ಲು ಇಳಿದು ಬುಡದ ಕಪಾಟಿನಲ್ಲಿರುವ ಬೇಸ್‌ಬ್ಯಾಂಡ್ ಪೆಟ್ಟಿಗೆ ಸೇರುತ್ತದೆ. ಈ ಪೆಟ್ಟಿಗೆಗಳು ಕಾರ್ಖಾನೆಯಿಂದ ಹೊರಟು ಗಿರಾಕಿಗೆ ತಲುಪಿದಾಗಲೇ ಕಂಪನಿ ಅದನ್ನು ಆದಾಯ ಎಂದು ಬರೆದುಕೊಳ್ಳುತ್ತದೆ. ಆಮೇಲೆ ಅವು ಗೋದಾಮಿನಲ್ಲಿ ಕಾದು, ಲಾರಿ ಏರಿ, ಟವರು ಹತ್ತಿ, ಫೈಬರು ಬಂದು, ಕರೆಂಟು ಸಿಕ್ಕಿ, ಊರಿನವರ ಮೊಬೈಲಿನಲ್ಲಿ 4ಜಿ ಎಂದು ತೋರಿಸುವ ಹೊತ್ತಿಗೆ ತಿಂಗಳುಗಳು ಉರುಳಿರುತ್ತವೆ. ಊರಿನವರಿಗೆ ಹೊಸದಾಗಿ ಕಾಣುವ ಟವರು ಕಂಪನಿಯ ಲೆಕ್ಕಪುಸ್ತಕದಲ್ಲಿ ಹಳೆಯ ಪುಟ.

ಆ ಪುಟಗಳನ್ನೇ ತಿರುವಿ ನೋಡಿದರೆ ಏರಿಳಿತ ಕಣ್ಣಿಗೆ ಹೊಡೆಯುತ್ತದೆ. 2023–24ರಲ್ಲಿ ಆದಾಯ 2,471 ಕೋಟಿ. 2024–25ರಲ್ಲಿ 8,923 ಕೋಟಿ. ಆ ದೊಡ್ಡ ವರ್ಷದ ನಾಲ್ಕು ತ್ರೈಮಾಸಿಕಗಳ ಆದಾಯ ಕ್ರಮವಾಗಿ 1,563, 2,811, 2,642 ಮತ್ತು 1,907 ಕೋಟಿ. ಕೊನೆಯ ಮೂರು ತಿಂಗಳಲ್ಲಿ ಅಷ್ಟು ಆದಾಯ ಬಂದೂ 72 ಕೋಟಿ ನಷ್ಟ. ಮರುತ್ರೈಮಾಸಿಕ, ಅಂದರೆ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ, ಆದಾಯ ಧೊಪ್ಪೆಂದು 202 ಕೋಟಿಗೆ ಬಿದ್ದು ನಷ್ಟ 194 ಕೋಟಿ ಆಯಿತು.

ಇದನ್ನು ಮೊದಲೇ ಹೇಳಬಲ್ಲ ಒಂದು ಅಂಕಿ ಎಲ್ಲರ ಕಣ್ಣೆದುರೇ ಇತ್ತು. ಕೈಯಲ್ಲಿದ್ದೂ ಇನ್ನೂ ಪೂರೈಸದ ಆರ್ಡರುಗಳ ಮೊತ್ತವನ್ನು ಕಂಪನಿ ಪ್ರತಿ ಮೂರು ತಿಂಗಳಿಗೊಮ್ಮೆ ಹೇಳುತ್ತದೆ. 2024ರ ಮಾರ್ಚ್ ಕೊನೆಗೆ ಅದು 8,221 ಕೋಟಿ, 2025ರ ಮಾರ್ಚ್ ಕೊನೆಗೆ 1,019 ಕೋಟಿ. ಲಾಭದ ಸುದ್ದಿ ದಪ್ಪ ಅಕ್ಷರದಲ್ಲಿ ಬರುತ್ತದೆ, ಆರ್ಡರ್ ಪುಸ್ತಕ ಒಳಗೆಲ್ಲೋ ಒಂದು ಸಾಲಾಗಿರುತ್ತದೆ. ದೊಡ್ಡ ಹೂಡಿಕೆ ಸಂಸ್ಥೆಗಳು ಆ ಸಾಲನ್ನೇ ಮೊದಲು ಓದುತ್ತವೆ.

ಕೂಡ್ಲಿಗಿ ಸೀಮೆಯವರಿಗೆ ಇದು ಅರ್ಥವಾಗದ ವ್ಯವಹಾರವೇನಲ್ಲ. ಇಲ್ಲಿ ಹುಣಸೆಮರವನ್ನು ಕಾಯಿ ಬಲಿಯುವ ಮುಂಚೆಯೇ ಗುತ್ತಿಗೆ ಹಿಡಿಯುತ್ತಾರೆ. ಗುತ್ತಿಗೆದಾರ ಹೂವು, ಹೀಚು ನೋಡಿ, ಆಳನ್ನು ಬಿಟ್ಟು ಹೊಡೆಸುವ ಖರ್ಚು ಲೆಕ್ಕ ಹಾಕಿ, ಮುಂದಿನ ಬೇಸಿಗೆಯ ಪೇಟೆ ಧಾರಣೆ ಊಹಿಸಿ ಮುಂಗಡ ಕೊಡುತ್ತಾನೆ. ಹಣ್ಣು ಉದುರಿಸಿ ಮೂಟೆ ಕಟ್ಟುವ ಹೊತ್ತಿಗೆ ಅವನ ಕಣ್ಣು ಬರುವ ವರ್ಷದ ಹೂವಿನ ಮೇಲಿರುತ್ತದೆ. 2024ರ ಜೂನ್‌ನಲ್ಲಿ ತೇಜಸ್ ಷೇರು ಕೊಂಡವರು ಆ ವರ್ಷದ ಹಣ್ಣಿಗೆ ಬೆಲೆ ಕಟ್ಟಿದ್ದಷ್ಟೇ ಅಲ್ಲ, ಅದೇ ಮರ ಪ್ರತಿ ವರ್ಷ ಅಷ್ಟೇ ಬಿಡುತ್ತದೆ ಎಂದು ಬೆಲೆ ಕಟ್ಟಿದ್ದರು.

ಬಿಡುವುದಿಲ್ಲ ಎನ್ನಲು ಹಳೆಯ ಸಾಕ್ಷಿಯೂ ಇತ್ತು. 2018–19ರಲ್ಲಿ ತೇಜಸ್ 900 ಕೋಟಿ ಆದಾಯ, 147 ಕೋಟಿ ಲಾಭ ತೋರಿಸಿತ್ತು. ಮರುವರ್ಷ ಆದಾಯ 391 ಕೋಟಿಗೆ ಕುಸಿದು 237 ಕೋಟಿ ನಷ್ಟ. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯವೂ ಸೇರಿಕೊಂಡು ಷೇರು 40 ರೂಪಾಯಿಗಿಂತ ಕೆಳಗೆ ಇಳಿದಿತ್ತು. ಆಗಲೂ ಈಗಲೂ ಕಾಯಿಲೆ ಒಂದೇ: ದೊಡ್ಡ ಗಿರಾಕಿಗಳು ಕೆಲವೇ ಮಂದಿ, ಅವರಲ್ಲೂ ಸರ್ಕಾರದ ಪಾಲು ದೊಡ್ಡದು. ಜಿಯೊ, ಏರ್‌ಟೆಲ್‌ಗಳ 5ಜಿ ಟವರುಗಳಿಗೆ ರೇಡಿಯೊ ಕೊಟ್ಟವರು ಎರಿಕ್ಸನ್, ನೋಕಿಯಾ, ಸ್ಯಾಮ್‌ಸಂಗ್. ಆ ಬಾಗಿಲು ತೇಜಸ್‌ಗೆ ಸುಲಭವಾಗಿ ತೆರೆದಿಲ್ಲ.

ಆದಾಯ ಇಳಿದರೆ ನಷ್ಟ ಯಾಕೆ, ಲಾಭ ಕಡಿಮೆಯಾದರೆ ಸಾಲದೆ ಎಂದು ಕೇಳಬಹುದು. ಕಿರಾಣಿ ಅಂಗಡಿಯಲ್ಲಿ ವ್ಯಾಪಾರ ತಗ್ಗಿದರೆ ಸರಕು ತರಿಸುವುದನ್ನು ನಿಲ್ಲಿಸಬಹುದು. ಸಂಪರ್ಕ ಸಾಧನದ ಕಂಪನಿಯಲ್ಲಿ ಹಾಗೆ ನಿಲ್ಲಿಸಲಾಗದ ಖರ್ಚೂ ದೊಡ್ಡದು: ಎಂಜಿನಿಯರುಗಳ ಸಂಬಳ, ಸಂಶೋಧನೆ. ಆರ್ಡರ್ ಇಲ್ಲವೆಂದು ಅವರನ್ನು ಮನೆಗೆ ಕಳಿಸಿದರೆ ನಾಳೆಯ ಸಾಧನವೇ ಹುಟ್ಟುವುದಿಲ್ಲ. ಹಿಂದೆ ಸಂಶೋಧನೆಗೆ ಸುರಿದು ಆಸ್ತಿಯೆಂದು ಬರೆದುಕೊಂಡ ಹಣವನ್ನೂ ವರ್ಷವರ್ಷ ಸವಕಳಿಯಾಗಿ ಕಳೆಯಬೇಕು. ಇದರ ಮೇಲೆ ಗಿರಾಕಿಯಿಂದ ಬರಬೇಕಾದ ಬಾಕಿ. ಲೆಕ್ಕದಲ್ಲಿ ಆದಾಯ ಬರೆದ ದಿನ ಹಣ ಬ್ಯಾಂಕಿಗೆ ಬಂದಿರುವುದಿಲ್ಲ. ಅಲ್ಲಿಯವರೆಗೆ ಬಿಡಿಭಾಗ ಕೊಳ್ಳಲು ಮಾಡಿದ ಸಾಲದ ಬಡ್ಡಿ ಓಡುತ್ತಿರುತ್ತದೆ. ದೊಡ್ಡ ಆರ್ಡರ್ ಬಂದ ವರ್ಷ ಕಂಪನಿಯ ಸಾಲವೂ ಏರುವುದು ಈ ಕಾರಣಕ್ಕೆ.

ಗುರುರಾಜ ದೇಶಪಾಂಡೆಯವರಿಗೆ ಇದೆಲ್ಲ ಹೊಸತೇನಲ್ಲ. ಅವರು ಅಮೆರಿಕದಲ್ಲಿ ಕಟ್ಟಿದ್ದ ಸಿಕಮೋರ್ ನೆಟ್‌ವರ್ಕ್ಸ್ ಕಂಪನಿಯ ಕತೆ ಷೇರುಪೇಟೆಯ ಪಾಠಪುಸ್ತಕದಲ್ಲಿ ಇರಬೇಕಾದದ್ದು. 1998ರಲ್ಲಿ ಶುರುವಾದ ಸಿಕಮೋರ್ ಮರುವರ್ಷದ ಅಕ್ಟೋಬರ್‌ನಲ್ಲೇ ಷೇರು ಮಾರಿತು. ನಿಗದಿ ಮಾಡಿದ್ದ ಬೆಲೆ 38 ಡಾಲರ್. ಮೊದಲ ದಿನವೇ ವಹಿವಾಟು ಮುಗಿದದ್ದು 185 ಡಾಲರ್ ಹತ್ತಿರ. ಹುಬ್ಬಳ್ಳಿಯಿಂದ ಹೋದವರೊಬ್ಬರು ಒಂದೇ ದಿನದಲ್ಲಿ ಜಗತ್ತಿನ ಅತಿ ಶ್ರೀಮಂತರ ಸಾಲಿಗೆ ಸೇರಿದರೆಂದು ಇಲ್ಲಿಯ ಪತ್ರಿಕೆಗಳೂ ಹೆಮ್ಮೆಪಟ್ಟುಕೊಂಡವು. ಅದರ ಆರಂಭದ ಆದಾಯದಲ್ಲಿ ಬಹುಪಾಲು ಬರುತ್ತಿದ್ದದ್ದು ವಿಲಿಯಮ್ಸ್ ಕಮ್ಯುನಿಕೇಷನ್ಸ್ ಎಂಬ ಒಂದೇ ಗಿರಾಕಿಯಿಂದ. ಇಂಟರ್‌ನೆಟ್ ಎಷ್ಟು ಬೇಗ ಬೆಳೆಯುತ್ತದೆ, ಫೈಬರು ಎಷ್ಟು ಬೇಕಾಗುತ್ತದೆ ಎಂಬ ಊಹೆಯ ಮೇಲೆ ದೂರಸಂಪರ್ಕ ಕಂಪನಿಗಳು ಸಾಲ ಮಾಡಿ ಸಾಧನ ಕೊಂಡವು. ಊಹೆ ತಪ್ಪಿರಲಿಲ್ಲ, ಅವಸರವಾಗಿತ್ತು ಅಷ್ಟೆ. ಸಾಲ ಹುಟ್ಟುವುದು ನಿಂತ ದಿನ ಕೊಳ್ಳುವುದೂ ನಿಂತಿತು. 2001ರ ಲೆಕ್ಕವರ್ಷದಲ್ಲಿ 37 ಕೋಟಿ ಡಾಲರ್ ದಾಟಿದ್ದ ಸಿಕಮೋರ್ ಆದಾಯ ಮರುವರ್ಷ ಸುಮಾರು ಆರೂವರೆ ಕೋಟಿಗೆ ಕುಸಿಯಿತು. ವಿಲಿಯಮ್ಸ್ 2002ರಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಕೆಲವೇ ಡಾಲರಿಗೆ ಬಿದ್ದ ಷೇರು ಮತ್ತೆ ಆ ಎತ್ತರ ಕಾಣಲಿಲ್ಲ. 2013ರಲ್ಲಿ ಷೇರುದಾರರು ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟರು.

ತೇಜಸ್ ಗತಿಯೂ ಹಾಗೇ ಆಗುತ್ತದೆ ಎಂದೇನೂ ಅಲ್ಲ. ಟಾಟಾ ಬಳಗದ ಬೆನ್ನಿದೆ, ಅರ್ಧಕ್ಕಿಂತ ಹೆಚ್ಚು ಷೇರು ಅವರ ಕೈಯಲ್ಲೇ ಇದೆ, ಸಾಧನ ಲಕ್ಷದ ಹತ್ತಿರ ತಾಣಗಳಲ್ಲಿ ಓಡುತ್ತಿದೆ. ಆದರೆ ಒಂದೇ ಗಿರಾಕಿಯ ಮೇಲೆ ನಿಂತ ಸಂಪರ್ಕ ಸಾಧನದ ಕಂಪನಿಗೆ ಲಾಭವೆಂಬುದು ನದಿಯಲ್ಲ, ಮಳೆಗಾಲದ ಹಳ್ಳ ಎನ್ನಲು ಎರಡೂ ಕಂಪನಿಗಳ ಲೆಕ್ಕ ಸಾಕು.

ಹಾಗಾದರೆ ಹಳ್ಳ ಬತ್ತದಂತೆ ಮಾಡುವ ದಾರಿ? ಅಲ್ಲಿಗೇ ಬರುತ್ತದೆ ವಿದೇಶಕ್ಕೆ ಮಾರುವ ಮಾತು. ಷೇರಿನ ಊಹಾಪೋಹವೆಲ್ಲ ಹಬ್ಬಿದ್ದು ಇದರ ಸುತ್ತ.

ಆಸೆಗೆ ಆಧಾರವಿಲ್ಲದಿಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕ ಹುವಾವೆಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ತನ್ನ ಹಳ್ಳಿಗಾಡಿನ ಸಂಪರ್ಕ ಕಂಪನಿಗಳು ಚೀನಾದ ಸಾಧನ ಕಿತ್ತು ಬೇರೆಯದು ಹಾಕಲು ಸರ್ಕಾರದ ಹಣವನ್ನೇ ಕೊಟ್ಟಿತು. ಬ್ರಿಟನ್, ಸ್ವೀಡನ್ ಕೂಡ ಬಾಗಿಲು ಹಾಕಿದವು. ಭಾರತ 2021ರ ಜೂನ್‌ನಿಂದ ‘ವಿಶ್ವಾಸಾರ್ಹ ಮೂಲ’ದ ಸಾಧನಗಳನ್ನೇ ಜಾಲಕ್ಕೆ ಸೇರಿಸಬೇಕೆಂಬ ನಿಯಮ ತಂದಿತು, ಅದೇ ವರ್ಷ ದೂರಸಂಪರ್ಕ ಸಾಧನ ತಯಾರಿಕೆಗೆ 12,195 ಕೋಟಿಯ ಪ್ರೋತ್ಸಾಹಧನ ಯೋಜನೆ ಘೋಷಿಸಿತು. ಚೀನಾ ಬೇಡ, ಯುರೋಪಿನದು ದುಬಾರಿ ಎನ್ನುವ ದೇಶಗಳಿಗೆ ಮೂರನೆಯ ಅಂಗಡಿ ಬೇಕು, ಅದು ಬೆಂಗಳೂರಿನದು ಯಾಕಾಗಬಾರದು ಎಂಬುದು ವಾದ. 2025ರಲ್ಲಿ ತೇಜಸ್ ಜಪಾನಿನ ರಕುಟೆನ್ ಸಿಂಫನಿ, ಎನ್‌ಇಸಿ ಕಂಪನಿಗಳ ಜೊತೆ ಕೈಜೋಡಿಸಿದ ಸುದ್ದಿ ಬಂದಾಗ ಈ ವಾದಕ್ಕೆ ಇನ್ನಷ್ಟು ಗಾಳಿ ಸಿಕ್ಕಿತು.

ಒಡಂಬಡಿಕೆ ಬೇರೆ, ಆರ್ಡರ್ ಬೇರೆ. ಒಡಂಬಡಿಕೆಯಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡೋಣ ಎನ್ನುತ್ತಾರೆ. ಎಷ್ಟು ಪೆಟ್ಟಿಗೆ, ಯಾವ ದರ, ಯಾವ ತಾರೀಕು ಎಂಬುದು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಹುಡುಗಿ ನೋಡಿ ಬಂದದ್ದನ್ನೇ ಮದುವೆ ಎಂದು ಊರಿಗೆಲ್ಲ ಸಾರುವವರು ಷೇರುಪೇಟೆಯಲ್ಲಿ ಕಡಿಮೆಯಿಲ್ಲ. ತೇಜಸ್ ಸಾಧನಗಳು 75ಕ್ಕೂ ಹೆಚ್ಚು ದೇಶಗಳಲ್ಲಿವೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಕೇಳಲು ದೊಡ್ಡದಾಗಿದೆ. ಆದರೆ ಅತಿ ಹೆಚ್ಚು ಆದಾಯ ಬಂದ 2024–25ರಲ್ಲಿ ಹೊರದೇಶಗಳ ಪಾಲು ಶೇಕಡಾ ಹತ್ತನ್ನೂ ಮುಟ್ಟಲಿಲ್ಲ. ದೇಶಗಳ ಎಣಿಕೆ ಒಂದು, ಆ ದೇಶಗಳಿಂದ ಬರುವ ಹಣ ಇನ್ನೊಂದು.

ವಿದೇಶಕ್ಕೆ ರೇಡಿಯೊ ಮಾರುವುದು ಹಡಗಲಿಯ ಮಲ್ಲಿಗೆಯನ್ನು ವಿಮಾನಕ್ಕೆ ಹಾಕಿ ಕಳಿಸಿದಷ್ಟು ನೇರವಲ್ಲ. ಪ್ರತಿ ದೇಶ ಬೇರೆ ಬೇರೆ ತರಂಗಾಂತರ ಹಂಚಿರುತ್ತದೆ. ಇಲ್ಲಿಯ 700, 2100 ಮೆಗಾಹರ್ಟ್ಸ್‌ಗೆ ಮಾಡಿದ ಪೆಟ್ಟಿಗೆ ಅಲ್ಲಿ ಹಾಗೆಯೇ ಕೂರುವುದಿಲ್ಲ. ಒಳಗಿನ ಫಿಲ್ಟರು, ಆಂಪ್ಲಿಫೈಯರು ಬದಲಾಗಬೇಕು. ಗಿರಾಕಿಯ ಪ್ರಯೋಗಾಲಯದಲ್ಲಿ ಪರೀಕ್ಷೆ, ಆಮೇಲೆ ನಾಲ್ಕಾರು ಟವರುಗಳಲ್ಲಿ ನಿಜವಾದ ಓಡಾಟ, ಅಲ್ಲಿಯ ಹಳೆಯ ಜಾಲದೊಂದಿಗೆ ಹೊಂದಾಣಿಕೆ, ಆ ದೇಶದ ಪ್ರಮಾಣಪತ್ರ. ಒಮ್ಮೆ ಹಾಕಿದ ಸಾಧನ ಹತ್ತು ವರ್ಷ ಓಡಬೇಕು, ಕೆಟ್ಟರೆ ಸರಿಮಾಡುವವರು ಅಲ್ಲೇ ಇರಬೇಕು. ಇದಕ್ಕೆಲ್ಲ ವರ್ಷಗಟ್ಟಲೆ ಹಿಡಿಯುತ್ತದೆ. ಬಡ ದೇಶಗಳಿಗೆ ಚೀನಾ ಸಾಧನದ ಜೊತೆ ಸಾಲವನ್ನೂ ಕೊಡುತ್ತದೆ. ಅದನ್ನು ಬರಿಯ ದರದಿಂದ ಸೋಲಿಸುವುದು ಕಷ್ಟ. ಸಾಲದ್ದಕ್ಕೆ 2023 ಮತ್ತು 2024ರಲ್ಲಿ ಟವರು ರೇಡಿಯೊಗಳ ಜಾಗತಿಕ ಪೇಟೆಯೇ ಕುಗ್ಗಿತು. 5ಜಿಗೆ ಸುರಿದ ಹಣ ವಾಪಸ್ ಬರದೆ ದೊಡ್ಡ ದೇಶಗಳ ಕಂಪನಿಗಳು ಕೈ ಬಿಗಿಹಿಡಿದಿದ್ದವು.

ತೇಜಸ್‌ಗೆ ಅನುಕೂಲವಾದದ್ದೂ ಒಂದಿದೆ. ಯಾವ ದೇಶದ ಗಿರಾಕಿಯಾದರೂ ಮೊದಲು ಕೇಳುವ ಪ್ರಶ್ನೆ “ಇದನ್ನು ಬೇರೆ ಎಲ್ಲಿ ಹಾಕಿದ್ದೀರಿ?” ಎಂದು. ಅದಕ್ಕೆ ಈಗ ತೋರಿಸಲು ಬಿಎಸ್‌ಎನ್‌ಎಲ್ ಇದೆ. ಹಾಗಾಗಿ ಗುಡೇಕೋಟೆಯಂಥ ಕಡೆ ಕರೆ ಕಡಿಯದೆ ನಿಲ್ಲುತ್ತದೆಯೇ, ಸಂಜೆ ಎಲ್ಲರೂ ವಿಡಿಯೊ ನೋಡುವಾಗ ಜಾಲ ತಡೆದುಕೊಳ್ಳುತ್ತದೆಯೇ ಎಂಬುದು ಕಂಪನಿಯ ರಫ್ತಿಗೂ ಸಂಬಂಧಿಸಿದ ಸಂಗತಿ.

ಇಷ್ಟು ಸಾವಕಾಶದ ವ್ಯವಹಾರಕ್ಕೂ ಮೊಬೈಲಿನಲ್ಲಿ ನಿಮಿಷಕ್ಕೊಮ್ಮೆ ಬದಲಾಗುವ ಬೆಲೆಗೂ ತಾಳೆಯೇ ಇಲ್ಲ. ಫಲಿತಾಂಶದ ಹಿಂದಿನ ವಾರ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ‘ಟಾರ್ಗೆಟ್’ ಎಂಬ ಅಂಕಿಗಳು ಓಡಾಡುತ್ತವೆ. ಬಳ್ಳಾರಿ ಸೀಮೆಗೆ ಓಸಿ ಚೀಟಿ ಎಂಬ ಮಟ್ಕಾ ಜೂಜು ಗೊತ್ತಿಲ್ಲದ್ದಲ್ಲ. ಇದು ಅದರ ಇಂಗ್ಲಿಷ್ ಕಲಿತ ತಮ್ಮ. 2025ರ ಜನವರಿಯ ಮೊದಲ ವಾರ ಬೆಂಗಳೂರಿನ ಇನ್ನೊಂದು ಹಳೆಯ ಸಂಪರ್ಕ ಕಂಪನಿ ಐಟಿಐನ ಷೇರು ದಿನದಿಂದ ದಿನಕ್ಕೆ ಜಿಗಿದಾಗ, ಬೆಲೆಗೆ ಕಾರಣವಾಗುವಂಥ ಹೊಸ ಮಾಹಿತಿ ತನ್ನ ಬಳಿ ಇಲ್ಲವೆಂದು ಕಂಪನಿಯೇ ವಿನಿಮಯ ಕೇಂದ್ರಗಳಿಗೆ ತಿಳಿಸಬೇಕಾಯಿತು. ನೋಂದಣಿಯಿಲ್ಲದೆ ಷೇರು ಶಿಫಾರಸು ಮಾಡುವುದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಕ್ಕೆ ವಿರುದ್ಧ. ‘ಪಾಠ ಹೇಳುತ್ತಿದ್ದೇವೆ’ ಎನ್ನುವವರು ಕನಿಷ್ಠ ಮೂರು ತಿಂಗಳು ಹಳೆಯ ಬೆಲೆಯನ್ನಷ್ಟೇ ಬಳಸಬೇಕೆಂದು ಅದೇ ಜನವರಿಯಲ್ಲಿ ಸೆಬಿ ಹೇಳಿತು. ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಬಿಡಿ ವ್ಯಾಪಾರಿಗಳಲ್ಲಿ ಶೇಕಡಾ 93ರಷ್ಟು ಮಂದಿ 2021–22ರಿಂದ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು ಎಂಬುದೂ ಸೆಬಿಯದೇ ಲೆಕ್ಕ.

ಮತ್ತೆ ತೇಜಸ್ ಲೆಕ್ಕಕ್ಕೆ ಬರೋಣ. 2025ರ ಮೇ ತಿಂಗಳಲ್ಲಿ ಇನ್ನೂ 18,685 ತಾಣಗಳಿಗೆ ಬಿಎಸ್‌ಎನ್‌ಎಲ್ 4ಜಿ ವಿಸ್ತರಿಸುವ ಕೆಲಸ ಟಿಸಿಎಸ್‌ಗೆ ಸಿಗಲಿದೆ, ಅದರಲ್ಲಿ ತೇಜಸ್ ಪಾಲು ಸುಮಾರು 1,526 ಕೋಟಿ ಎಂಬ ಪ್ರಕಟಣೆ ಬಂತು. ಜುಲೈನಲ್ಲಿ ನಷ್ಟದ ಫಲಿತಾಂಶ ಕೊಡುವಾಗ ಕಂಪನಿ ಹೇಳಿದ ಕಾರಣಗಳಲ್ಲಿ ಆ ಆರ್ಡರ್ ಕೈಗೆ ಬರಲು ತಡವಾದದ್ದೂ ಒಂದು. ಸೆಪ್ಟೆಂಬರ್ 27ರಂದು ಪ್ರಧಾನಿ ನರೇಂದ್ರ ಮೋದಿ ಒಡಿಶಾದ ಝಾರ್ಸುಗುಡದಲ್ಲಿ ಸ್ವದೇಶಿ 4ಜಿ ಜಾಲವನ್ನು ಉದ್ಘಾಟಿಸಿದರು: 97,500ಕ್ಕೂ ಹೆಚ್ಚು ಟವರು, ಸುಮಾರು 37,000 ಕೋಟಿ ರೂಪಾಯಿ ವೆಚ್ಚ. ತ್ರೈಮಾಸಿಕ ಮುಗಿಯಲು ಆಗ ಮೂರು ದಿನ ಉಳಿದಿತ್ತು. ಅಕ್ಟೋಬರ್‌ನಲ್ಲಿ ತೇಜಸ್ ಆ ಮೂರು ತಿಂಗಳ ಲೆಕ್ಕ ಕೊಟ್ಟಿತು: ಆದಾಯ 262 ಕೋಟಿ, ನಷ್ಟ 307 ಕೋಟಿ. ಹಿಂದಿನ ವರ್ಷ ಇದೇ ಮೂರು ತಿಂಗಳಲ್ಲಿ 275 ಕೋಟಿ ಲಾಭವಿತ್ತು. ಕೈಯಲ್ಲಿದ್ದ ಆರ್ಡರ್ ಸುಮಾರು 1,200 ಕೋಟಿಯದು, ಅದರಲ್ಲೂ ಬಹುಪಾಲು ಭಾರತದ್ದೇ. ಷೇರು ಅಷ್ಟರಲ್ಲಿ 600 ರೂಪಾಯಿಗಿಂತ ಕೆಳಗಿತ್ತು.